ಚರಾಕ್ಷರವೋ ಚಲಕವೋ? ಸಂದರ್ಭವೋ ಹಿನ್ನೆಲೆಯೋ?

ಪ್ರಶ್ನೆ: ಬೀಜಗಣಿತದಲ್ಲಿ ‘ಚರಾಕ್ಷರ’ ಎನ್ನುತ್ತೇವೆ. ಸಂಖ್ಯಾಶಾಸ್ತ್ರದಲ್ಲಿ ‘ಚಲಕ’ ಎಂದಿರುತ್ತದೆ, ಕೆಲವೆಡೆ ಬರೀ ‘ಚರ’. ಇವೆಲ್ಲ ಒಂದೇ ಏನು? ದತ್ತಾಂಶದ ‘ಸಂದರ್ಭ’ (context) ಎನ್ನುವುದು ಸರಿಯೇ?

ಉತ್ತರ: ಒಂದೇ ಅಲ್ಲ. ಚರಾಕ್ಷರದಲ್ಲಿ ಒತ್ತು ಅಕ್ಷರದ ಮೇಲೆ. ಸಂಖ್ಯೆಯ ಜಾಗದಲ್ಲಿ ನಿಂತ ಅಕ್ಷರ ಅದು. ದತ್ತಾಂಶದ ಕೋಷ್ಟಕದಲ್ಲಿರುವುದು ಅಕ್ಷರವಲ್ಲ, ಒಂದು ಘಟಕದಿಂದ (ಅಳತೆಗೆ ಒಳಪಟ್ಟ ವ್ಯಕ್ತಿ ಅಥವಾ ವಸ್ತುವಿನಿಂದ) ಇನ್ನೊಂದಕ್ಕೆ ಬದಲಾಗುವ ಲಕ್ಷಣ: ಎತ್ತರ, ತೂಕ, ರಕ್ತದ ಗುಂಪು. ರಕ್ತದ ಗುಂಪಂತೂ ಸಂಖ್ಯೆಯೇ ಅಲ್ಲ. ಹಾಗಾಗಿ ಇಲ್ಲಿ ‘ಚಲಕ’ವೇ ಹೊಂದುತ್ತದೆ. ‘ಚರ’ ತಪ್ಪಲ್ಲ, ಆದರೆ ಚರಾಸ್ತಿ, ಚರಾಚರಗಳ ನೆನಪು ತರುತ್ತದೆ. ಅಳೆಯುವಂಥದ್ದನ್ನು ಮಾತ್ರ ಚಲಕವೆಂದು ಕರೆದು ಉಳಿದದ್ದನ್ನು ‘ಗುಣಲಕ್ಷಣ’ ಎನ್ನುವ ಹಳೆಯ ರೂಢಿಯೂ ಇದೆ. ಈಗ ಪರಿಮಾಣಾತ್ಮಕ ಚಲಕ, ಗುಣಾತ್ಮಕ ಚಲಕ ಎಂದರೆ ಸಾಕು.

ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್ 1936ರಲ್ಲಿ ಬಳಸಿದ ಐರಿಸ್ ಹೂಗಳ ಕೋಷ್ಟಕವನ್ನೇ ನೋಡಿ. ಅದರ ಒಂದು ಅಡ್ಡಸಾಲು ಹೀಗಿದೆ: 5.1, 3.5, 1.4, 0.2, ಸೆಟೋಸಾ. ಅಡ್ಡಸಾಲೆಂದರೆ ಒಂದು ಹೂವು, ಅದೇ ಘಟಕ. ಕಂಬಸಾಲೆಂದರೆ ಒಂದು ಚಲಕ. ಪುಷ್ಪಪತ್ರದ ಉದ್ದ, ಅಗಲ, ದಳದ ಉದ್ದ, ಅಗಲ, ಪ್ರಭೇದ: ಹೀಗೆ ಐದು ಚಲಕ, 150 ಘಟಕ. ‘ದಳ’ ಚಲಕವಲ್ಲ, ‘ದಳದ ಉದ್ದ’ ಚಲಕ. ‘1.4’ ಚಲಕವಲ್ಲ, ಚಲಕದ ಬೆಲೆ. ‘ಸೆಟೋಸಾ’ ಕೂಡ ಹಾಗೆಯೇ, ಪ್ರಭೇದವೆಂಬ ಚಲಕದ ಒಂದು ಬೆಲೆ. ಹೆಚ್ಚು ಜನ ಎಡವುವುದು ಇಲ್ಲೇ.

ಇನ್ನೊಂದು ಎಡವಟ್ಟು ಸಂಕೇತಸಂಖ್ಯೆಗಳದು. ಕೋಷ್ಟಕದ ಮೂರು ಪ್ರಭೇದಗಳಲ್ಲಿ ಸೆಟೋಸಾಕ್ಕೆ 1, ವರ್ಸಿಕಲರ್‌ಗೆ 2, ವರ್ಜಿನಿಕಾಕ್ಕೆ 3 ಎಂದು ಕೊಟ್ಟರೆ, ತಲಾ 50 ಹೂಗಳಿರುವುದರಿಂದ ಸರಾಸರಿ ಸರಿಯಾಗಿ 2 ಬರುತ್ತದೆ. ಅಂದರೆ ‘ಸರಾಸರಿ ಹೂವು ವರ್ಸಿಕಲರ್’ ಎಂದಾಯಿತು! ಅರ್ಥವೇ ಇಲ್ಲ. ಅಂಕಿ ಕಂಡ ಮಾತ್ರಕ್ಕೆ ಪರಿಮಾಣಾತ್ಮಕ ಎನ್ನಬೇಡಿ. ಕೂಡಿ ಭಾಗಿಸಿದಾಗ ಬರುವ ಉತ್ತರಕ್ಕೆ ಏಕಮಾನ ಹಚ್ಚಲು ಬರುತ್ತದೆಯೇ ಎಂದು ಕೇಳಿ. ಪಿನ್‌ಕೋಡ್, ಫೋನ್ ಸಂಖ್ಯೆ, ಕ್ರಮಸಂಖ್ಯೆಗಳು ಈ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ.

ಇನ್ನು ‘ಸಂದರ್ಭ’. ಅದು ಮಾತಿಗೆ, ಘಟನೆಗೆ ಒಪ್ಪುವ ಪದ. ದತ್ತಾಂಶಕ್ಕೆ ‘ಹಿನ್ನೆಲೆ’ ಎನ್ನಿ: ಯಾರನ್ನು ಅಥವಾ ಯಾವುದನ್ನು ಅಳೆದದ್ದು, ಏನನ್ನು, ಯಾವ ಏಕಮಾನದಲ್ಲಿ, ಎಲ್ಲಿ, ಯಾವಾಗ, ಹೇಗೆ, ಯಾತಕ್ಕೆ. ಐರಿಸ್ ಹೂಗಳ ಅಳತೆ ತೆಗೆದವರು ಸಸ್ಯಶಾಸ್ತ್ರಜ್ಞ ಎಡ್ಗರ್ ಆಂಡರ್ಸನ್, ಏಕಮಾನ ಸೆಂಟಿಮೀಟರ್. ಸೆಟೋಸಾ, ವರ್ಸಿಕಲರ್ ಎರಡೂ ಒಂದೇ ತಾಣದಲ್ಲಿ ಬೆಳೆದವು, ವರ್ಜಿನಿಕಾ ಅಲ್ಲಿಯದಲ್ಲ. ಫಿಷರ್ ಉದ್ದೇಶ ಅಳತೆಗಳಿಂದ ಪ್ರಭೇದಗಳನ್ನು ಬೇರ್ಪಡಿಸುವುದಾಗಿತ್ತು, ಸಮಸಮ 50 ಎಂಬುದು ಕಾಡಿನ ಲೆಕ್ಕವಲ್ಲ. ಇದು ತಿಳಿಯದವರು ಮೂರೂ ಪ್ರಭೇದ ಕಾಡಿನಲ್ಲಿ ಸಮನಾಗಿವೆ ಎಂದು ಬರೆದುಬಿಡುತ್ತಾರೆ.

ಹಿನ್ನೆಲೆ ಗೊತ್ತಿದ್ದರೆ ಸರಾಸರಿಯೂ ಬೇರೆಯಾಗಿ ಕಾಣುತ್ತದೆ. 150 ಹೂಗಳ ದಳದ ಉದ್ದದ ಸರಾಸರಿ ಸುಮಾರು 3.76 ಸೆಂ.ಮೀ. ಸೆಟೋಸಾದ ಅತಿ ಉದ್ದದ ದಳವೂ 1.9 ದಾಟುವುದಿಲ್ಲ, ಉಳಿದೆರಡರಲ್ಲಿ 3.0ಕ್ಕಿಂತ ಕಡಿಮೆಯದಿಲ್ಲ. ಪ್ರಭೇದದ ಕಂಬಸಾಲನ್ನು ಮುಚ್ಚಿಟ್ಟರೆ ನಡುವಿನ ಆ ಖಾಲಿ ಜಾಗ ಏಕೆಂದು ಹೇಳಲು ಬರುವುದಿಲ್ಲ.

ಒಂದು ಸೂಚನೆ: ಕಂಬಸಾಲಿನ ತಲೆಬರಹದಲ್ಲೇ ‘ದಳದ ಉದ್ದ, ಸೆಂ.ಮೀ.’ ಎಂದು ಏಕಮಾನ ಸೇರಿಸಿ, ಅಳೆಯದೆ ಬಿಟ್ಟ ಕಡೆ 0 ಹಾಕದೆ ಖಾಲಿ ಬಿಡಿ. ಸೊನ್ನೆಯೂ ಒಂದು ಬೆಲೆಯೇ.