ಮೊರಾಕೋದ ಸಾರ್ವಜನಿಕ ಹಮ್ಮಾಮ್‌ಗೆ ತಾಯಿಯವರನ್ನು ಕರೆದೊಯ್ಯಬಹುದೇ?

ವಿದ್ಯಾನಗರದವಳು (ದಾವಣಗೆರೆ):

ಎಲ್ಲರಿಗೂ ನಮಸ್ಕಾರ. ಬರುವ ದಸರಾ ರಜೆಯಲ್ಲಿ ನಾನು, ನಮ್ಮ ಯಜಮಾನರು, ಎಂಟು ವರ್ಷದ ಮಗ ಮತ್ತು ನನ್ನ ತಾಯಿ ಮೊರಾಕೋಗೆ ಹೊರಟಿದ್ದೇವೆ. ಮರಾಕೇಶ್ ಮತ್ತು ಫೆಸ್ ಎರಡರಲ್ಲೂ ಹಳೆಯ ಪೇಟೆಯೊಳಗೇ ಉಳಿದುಕೊಳ್ಳುವ ವ್ಯವಸ್ಥೆಯಾಗಿದೆ. ಓಣಿಯ ಜನರೆಲ್ಲ ಹೋಗುವ ಹಮ್ಮಾಮ್‌ನಲ್ಲಿ, ಅಂದರೆ ಬಿಸಿ ಹಬೆಯ ಸಾರ್ವಜನಿಕ ಸ್ನಾನಗೃಹದಲ್ಲಿ, ಒಮ್ಮೆ ಸ್ನಾನ ಮಾಡಬೇಕೆಂಬ ಆಸೆ ನನಗಿಂತ ತಾಯಿಗೇ ಹೆಚ್ಚು. ವಿಡಿಯೋಗಳಲ್ಲಿ ಕಾಣುವುದೆಲ್ಲ ದೊಡ್ಡ ಹೋಟೆಲುಗಳ ಅಮೃತಶಿಲೆಯ ಕೋಣೆ, ಗುಲಾಬಿ ದಳ, ಮೇಣದಬತ್ತಿಗಳೇ ಆಗಿರುವುದರಿಂದ ಸಾಮಾನ್ಯ ಹಮ್ಮಾಮ್‌ನ ರೀತಿನೀತಿ ನಮಗೆ ತಿಳಿಯುತ್ತಿಲ್ಲ.

ಮೈಮೇಲೆ ಏನಿರಬೇಕು, ಏನು ತೆಗೆದುಕೊಂಡು ಹೋಗಬೇಕು, ಮಗ ಯಾರ ಜೊತೆ ಹೋಗಬೇಕು ಎಂಬುದು ಗೊತ್ತಾದರೆ ಉಪಕಾರವಾಗುತ್ತದೆ. ನಮ್ಮ ಯಜಮಾನರು ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಇದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ತಾಯಿಯವರು ಇಷ್ಟಲಿಂಗವನ್ನು ಮೈಯಿಂದ ಬೇರ್ಪಡಿಸುವವರಲ್ಲ. ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಾಡಿಸುವಾಗಲೂ ಅದಕ್ಕಾಗಿ ಅರ್ಧ ಗಂಟೆ ಮಾತುಕತೆ ನಡೆದಿತ್ತು. ಅಂಥ ಬಿಸಿಯಲ್ಲಿ, ಅಪರಿಚಿತರು ಮೈ ಉಜ್ಜುವ ಜಾಗದಲ್ಲಿ ಇದನ್ನು ಹೇಗೆ ನಿಭಾಯಿಸುವುದು?

ಪಿ.ಜೆ. ಬಡಾವಣೆ ಅಕ್ಕ (ದಾವಣಗೆರೆ):

ನಮ್ಮವರ ಕೆಲಸದ ನಿಮಿತ್ತ ಕಾಸಾಬ್ಲಾಂಕಾದಲ್ಲಿ ಕೆಲಕಾಲ ಇದ್ದಾಗ, ನೆರೆಮನೆಯ ಹೆಂಗಸರೊಂದಿಗೆ ಓಣಿಯ ಹಮ್ಮಾಮ್‌ಗೆ ಹೋಗುವುದು ನನಗೂ ರೂಢಿಯಾಗಿತ್ತು. ತಾಯಿಯವರನ್ನು ಖಂಡಿತ ಕರೆದುಕೊಂಡು ಹೋಗಿ.

ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಬಾಗಿಲು ಇರುತ್ತದೆ; ಒಂದೇ ಬಾಗಿಲಿದ್ದರೆ ಬೇರೆ ಬೇರೆ ಹೊತ್ತು ಗೊತ್ತುಪಡಿಸಿರುತ್ತಾರೆ. ಸಾಮಾನ್ಯವಾಗಿ ಹಗಲು ಹೆಂಗಸರದು, ನಸುಕು ಮತ್ತು ರಾತ್ರಿ ಗಂಡಸರದು. ಎಂಟು ವರ್ಷದ ಹುಡುಗನನ್ನು ಹೆಂಗಸರ ಕಡೆಗೆ ಕರೆತಂದರೆ ಒಳಗಿರುವವರು ಆಕ್ಷೇಪಿಸುತ್ತಾರೆ, ಅದು ನ್ಯಾಯವೂ ಹೌದು. ಅವನು ತಂದೆಯೊಂದಿಗೇ ಹೋಗಲಿ. ಮಸೀದಿಗೆ ಹೊಂದಿಕೊಂಡ ಕೆಲವು ಹಮ್ಮಾಮ್‌ಗಳಲ್ಲಿ ಮುಸ್ಲಿಮೇತರರಿಗೆ ಪ್ರವೇಶವಿರುವುದಿಲ್ಲವಾದ್ದರಿಂದ, ನೀವು ತಂಗುವ ಮನೆಯವರನ್ನೇ ಕೇಳಿ ಮುಂದುವರಿಯಿರಿ.

ಹೆಂಗಸರು ಕೆಳಗಿನ ಒಳಉಡುಪನ್ನು ಮಾತ್ರ ಉಳಿಸಿಕೊಳ್ಳುತ್ತಾರೆ, ಗಂಡಸರು ಚಡ್ಡಿ ಹಾಕಿಕೊಂಡಿರುತ್ತಾರೆ. ಪೂರ್ತಿ ಬೆತ್ತಲಾಗುವುದು ಅಲ್ಲಿ ಸಭ್ಯತೆಯಲ್ಲ. ನಿಮ್ಮ ತಾಯಿಗೆ ಸಂಕೋಚವೆನಿಸಿದರೆ ತೆಳುವಾದ ಲಂಗವನ್ನು ಎದೆಯ ಮೇಲೆ ಕಟ್ಟಿಕೊಂಡು ಕೂರಬಹುದು, ಯಾರೂ ಏನೂ ಅನ್ನುವುದಿಲ್ಲ. ಉಜ್ಜುವಾಗ ಮಾತ್ರ ಸಡಿಲಿಸಬೇಕಾಗುತ್ತದೆ. ಒಣ ಒಳಉಡುಪು, ಟವೆಲ್, ರಬ್ಬರ್ ಚಪ್ಪಲಿ, ನೀರು ಮೊಗೆಯಲು ಪ್ಲಾಸ್ಟಿಕ್ ಮಗ್ಗು, ಕೂರಲು ಚಿಕ್ಕ ಚಾಪೆ ಇವೆಲ್ಲ ನಿಮ್ಮವೇ ಇರಲಿ. ಬಕೆಟ್ ಅಲ್ಲಿಯೇ ಸಿಗುತ್ತದೆ. ಕೆಸ್ಸಾ ಎಂಬ ಒರಟು ಕೈಗವಸನ್ನು ಪೇಟೆಯಲ್ಲಿ ಹೊಸದಾಗಿ ಕೊಂಡುಕೊಳ್ಳಿ, ಮತ್ತೊಬ್ಬರು ಬಳಸಿದ್ದು ಬೇಡ. ಅದೇ ಅಂಗಡಿಯಲ್ಲಿ ಕಪ್ಪು ಸಾಬೂನನ್ನು ತೂಕದ ಲೆಕ್ಕದಲ್ಲಿ ಕೊಡುತ್ತಾರೆ. ಆಲಿವ್ ಎಣ್ಣೆ ಮತ್ತು ಕ್ಷಾರದಿಂದ ಮಾಡಿದ ಈ ಮೆತ್ತನೆಯ ಸಾಬೂನು ನೊರೆ ಬಿಡುವುದಿಲ್ಲ. ನೊರೆ ಬರಲಿಲ್ಲವೆಂದು ಮತ್ತೆ ಮತ್ತೆ ಬಳಿದುಕೊಳ್ಳಬೇಡಿ.

ಹೊರಗಿನ ಕೋಣೆಯಲ್ಲಿ ಬಟ್ಟೆ ಕಳಚಿ, ಚೀಲವನ್ನು ಅಲ್ಲಿ ಕೂತಿರುವ ಹೆಂಗಸಿನ ಸುಪರ್ದಿಗೆ ಕೊಟ್ಟು, ಮಂದ ಬಿಸಿಯ ಕೋಣೆಯನ್ನು ದಾಟಿ, ಕೊನೆಯ ಬಿಸಿ ಕೋಣೆಗೆ ಹೋಗಬೇಕು. ಗೋಡೆಯ ಪಕ್ಕ ಜಾಗ ಹಿಡಿದು, ನೆಲವನ್ನು ನೀರು ಹಾಕಿ ತೊಳೆದ ಮೇಲೆಯೇ ಚಾಪೆ ಹಾಸಿ. ಮೈಗೆಲ್ಲ ಸಾಬೂನು ಸವರಿಕೊಂಡು ಸುಮಾರು 10 ನಿಮಿಷ ಸುಮ್ಮನೆ ಕುಳಿತು ತೊಳೆದುಕೊಂಡರೆ, ಆಮೇಲೆ ಉಜ್ಜುವವಳ ಸರದಿ. ಆಕೆ ನಿಮ್ಮನ್ನು ನೆಲದ ಮೇಲೆ ಮಲಗಿಸಿ, ತೋಳನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಮಣಿಕಟ್ಟಿನಿಂದ ಹೆಗಲವರೆಗೆ ಒಂದೇ ಎಳೆತದಲ್ಲಿ ಉಜ್ಜುತ್ತಾಳೆ. ಸತ್ತ ಚರ್ಮ ಬೂದು ಬಣ್ಣದ ಎಳೆಗಳಾಗಿ ಸುರುಳಿ ಸುತ್ತಿಕೊಂಡು ಉದುರುತ್ತದೆ. ಆಕೆ ಅದನ್ನು ನಿಮ್ಮ ಕಣ್ಣ ಮುಂದೆ ಹಿಡಿದು ತೋರಿಸದೆ ಬಿಡುವುದಿಲ್ಲ. ನೋವಾದರೆ ‘ಬ್‌ಶ್ವಿಯಾ’ ಎಂದರೆ ಮೆಲ್ಲಗೆ ಉಜ್ಜುತ್ತಾಳೆ, ‘ಸಾಫಿ’ ಎಂದರೆ ನಿಲ್ಲಿಸುತ್ತಾಳೆ. ಕೊನೆಗೆ ಅಟ್ಲಾಸ್ ಬೆಟ್ಟಗಳ ಕಡೆಯಿಂದ ಬರುವ ಘಸೂಲ್ ಮಣ್ಣನ್ನು ನೀರಿನಲ್ಲಿ ನೆನೆಸಿ ತಲೆಗೆ ಹಚ್ಚಿ ತೊಳೆಯುತ್ತಾರೆ.

ಎಣ್ಣೆ ಸ್ನಾನದ ಅಭ್ಯಾಸವಿರುವ ನಮ್ಮವರಿಗೆ ಒಂದು ಮಾತು: ಮೈಗೆ ಹರಳೆಣ್ಣೆಯನ್ನಾಗಲಿ ಕೊಬ್ಬರಿ ಎಣ್ಣೆಯನ್ನಾಗಲಿ ಹಚ್ಚಿಕೊಂಡು ಹೋದರೆ ಕೆಸ್ಸಾ ಜಾರುತ್ತದೆಯೇ ಹೊರತು ಕೊಳೆ ಬಿಡುವುದಿಲ್ಲ. ಅಲ್ಲಿ ಎಣ್ಣೆ ಹಚ್ಚುವುದೇನಿದ್ದರೂ ಸ್ನಾನವಾದ ಮೇಲೆ.

ಓಣಿಯ ಹಮ್ಮಾಮ್‌ಗೆ ಪ್ರವೇಶ ದರ ಹಲವೆಡೆ 10ರಿಂದ 20 ದಿರ್ಹಮ್ ಆಸುಪಾಸಿನಲ್ಲಿರುತ್ತದೆ. ಉಜ್ಜುವ ಕೂಲಿ ಬೇರೆ, ಅದನ್ನು ಬಟ್ಟೆ ಕಳಚುವ ಮೊದಲೇ ಮಾತನಾಡಿಕೊಳ್ಳಿ.

ಬಾತಿ ಗುಡ್ಡ (ದಾವಣಗೆರೆ):

ಯಜಮಾನರ ವಿಷಯಕ್ಕೆ ಮಾತ್ರ ಹೇಳುತ್ತೇನೆ. ಬಿಪಿ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮೊದಲು ತಮ್ಮ ವೈದ್ಯರನ್ನು ಕೇಳಲೇಬೇಕು. ಅವರು ಒಪ್ಪಿದರೂ ಬಿಸಿ ಕೋಣೆಯಲ್ಲಿ ಹೆಚ್ಚು ಹೊತ್ತು ಕೂರದೆ, ನಡುವಣ ಕೋಣೆಯಲ್ಲಿಯೇ ಸ್ನಾನ ಮುಗಿಸುವುದು ಕ್ಷೇಮ. ಮಗುವಿಗೂ ಅದೇ ಕೋಣೆ ಸಾಕು. ಮಲಗಿದವರು ಥಟ್ಟನೆ ಎದ್ದರೆ ತಲೆ ತಿರುಗುತ್ತದೆ, ನೆಲವಂತೂ ಸಾಬೂನಿನಿಂದ ಜಾರುತ್ತಿರುತ್ತದೆ. ಗಂಡಸರ ಕಡೆ ಉಜ್ಜುವವನು ಕೈಕಾಲುಗಳನ್ನು ಹಿಂದಕ್ಕೆ ತಿರುಚಿ ನೆಟಿಗೆ ತೆಗೆಯುವುದೂ ಉಂಟು. ಬೆನ್ನುನೋವಿದ್ದರೆ ಮೊದಲೇ ಕೈಸನ್ನೆ ಮಾಡಿ ಬೇಡವೆನ್ನಲಿ.

ಕೋಟೆ ರಸ್ತೆ (ಚಿತ್ರದುರ್ಗ):

ನೀರು ಸರಬರಾಜಿನ ಕೆಲಸದಲ್ಲಿದ್ದು ನಿವೃತ್ತನಾದವನು ನಾನು. ಹಮ್ಮಾಮ್‌ನ ಒಳಗಿಗಿಂತ ಅದರ ಹಿಂಬದಿ ನನ್ನನ್ನು ಹೆಚ್ಚು ಸೆಳೆಯಿತು.

ತಣ್ಣಗಿನದು, ಬೆಚ್ಚಗಿನದು, ಬಿಸಿಯದು ಎಂಬ ಮೂರು ಕೋಣೆಗಳ ಸರಣಿ ರೋಮನ್ನರ ಸ್ನಾನಗೃಹಗಳಿಂದ ಬಂದದ್ದು. ಫೆಸ್‌ನಿಂದ ಹೆಚ್ಚು ದೂರವಿಲ್ಲದ ವೊಲುಬಿಲಿಸ್‌ನ ಅವಶೇಷಗಳಲ್ಲಿ ಅಂಥ ಸ್ನಾನಗೃಹಗಳ ಕುರುಹುಗಳನ್ನು ಇಂದಿಗೂ ನೋಡಬಹುದು. ಆದರೆ ಹಮ್ಮಾಮ್‌ನಲ್ಲಿ ಮುಳುಗಿ ಕೂರುವ ಕೊಳವಿಲ್ಲ. ಮೈಮೇಲೆ ಸುರಿದ ನೀರು ಹರಿದು ಹೋಗಬೇಕು ಎಂಬುದೇ ಅಲ್ಲಿನ ಶುಚಿತ್ವದ ಕಲ್ಪನೆ. ಬಿಸಿ ಕೋಣೆಯ ಗೋಡೆಯಾಚೆ ನೀರಿನ ತೊಟ್ಟಿ ಮತ್ತು ಒಲೆ ಇರುತ್ತವೆ, ಬೆಂಕಿಯ ಕಾವು ನೆಲದಡಿ ಹಾಯ್ದು ಕಲ್ಲುಹಾಸನ್ನು ಬಿಸಿ ಮಾಡುತ್ತದೆ, ಗುಮ್ಮಟದ ಪುಟ್ಟ ಗಾಜಿನ ಕಿಂಡಿಗಳಿಂದ ಬೆಳಕು ಬೀಳುತ್ತದೆ. ಹಿಂದಿನ ಓಣಿಗೆ ಹೋದರೆ, ದಾವಣಗೆರೆಯ ಮಂಡಕ್ಕಿ ಭಟ್ಟಿಯ ಮುಂದೆ ಕುಳಿತವನ ಹಾಗೆಯೇ, ಹೊಗೆ ಹಿಡಿದ ಕತ್ತಲ ಗುಂಡಿಯಲ್ಲಿ ಒಬ್ಬಾತ ಕಟ್ಟಿಗೆ, ಮರದ ಹೊಟ್ಟು, ಆಲಿವ್ ಹಿಂಡಿಗಳನ್ನು ಒಲೆಗೆ ನೂಕುತ್ತಿರುವುದು ಕಾಣುತ್ತದೆ. ಮರಾಕೇಶ್‌ನಲ್ಲಿ ಅದೇ ಒಲೆಯ ಬೂದಿಯಲ್ಲಿ ಮಣ್ಣಿನ ಗಡಿಗೆಗಳನ್ನು ಹೂತು ತಂಜಿಯಾ ಎಂಬ ಮಾಂಸದ ಅಡುಗೆಯನ್ನು ಗಂಟೆಗಟ್ಟಲೆ ಬೇಯಿಸುತ್ತಾರೆ. ನಾವು ಸಸ್ಯಾಹಾರಿಗಳು ನೋಡಿ ಬರುವುದಷ್ಟೇ.

ಹೋಗುವ ದಿನವನ್ನು ಮುಂಚಿತವಾಗಿ ವಿಚಾರಿಸಿಕೊಳ್ಳಿ. ಸತತ ಬರದಿಂದಾಗಿ 2024ರ ಆರಂಭದಲ್ಲಿ ಕಾಸಾಬ್ಲಾಂಕಾ, ಟ್ಯಾಂಜಿಯರ್ ಮುಂತಾದ ಕಡೆ ಹಮ್ಮಾಮ್‌ಗಳನ್ನು ವಾರಕ್ಕೆ 3 ದಿನ ಮುಚ್ಚಬೇಕೆಂದು ಆಡಳಿತ ಆದೇಶಿಸಿತ್ತು. ಮನೆಯಲ್ಲಿ ಬಿಸಿನೀರಿನ ಅನುಕೂಲವಿಲ್ಲದವರಿಗೂ, ಉಜ್ಜಿ ದಿನಗೂಲಿ ದುಡಿಯುವ ಹೆಂಗಸರಿಗೂ ಅದರಿಂದ ಬಹಳ ಪೆಟ್ಟು ಬಿತ್ತು. ಟ್ಯಾಂಕರ್ ದಾರಿ ಕಾದು ಅಭ್ಯಾಸವಿರುವ ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಎರಡು ಮೂರು ಬಕೆಟ್‌ಗಳಲ್ಲಿ ಸ್ನಾನ ಮುಗಿಸಿ, ಸಾಬೂನು ಹತ್ತಿದ ಮಗ್ಗನ್ನು ಎಲ್ಲರೂ ಮೊಗೆಯುವ ತೊಟ್ಟಿಗೆ ಅದ್ದಬೇಡಿ, ನಿಮ್ಮ ಮೈಯ ನೀರು ಪಕ್ಕದವರ ಚಾಪೆಯ ಕಡೆ ಹರಿಯದಂತೆ ನೋಡಿಕೊಳ್ಳಿ. ಮೊಬೈಲ್ ಒಳಗೆ ಒಯ್ಯುವ ಯೋಚನೆಯೇ ಬೇಡ.

ಇನ್ನು ಇಷ್ಟಲಿಂಗದ ವಿಷಯದಲ್ಲಿ ಹೋಟೆಲಿನ ಖಾಸಗಿ ಹಮ್ಮಾಮ್ ಒಳ್ಳೆಯದೆಂದು ನನ್ನ ಅನಿಸಿಕೆ. ದರ ನೂರಾರು ದಿರ್ಹಮ್ ಆಗುತ್ತದೆ ನಿಜ, ಆದರೆ ಒಬ್ಬರಿಗೇ ಒಂದು ಕೋಣೆ ಸಿಗುತ್ತದೆ.

ಪಿ.ಜೆ. ಬಡಾವಣೆ ಅಕ್ಕ:

ಸರ್, ಇದೊಂದನ್ನು ನಾನು ಒಪ್ಪಲಾರೆ. ನಮ್ಮ ಅತ್ತೆಯವರೂ ಲಿಂಗ ಬಿಡದವರೇ, ಓಣಿಯ ಹಮ್ಮಾಮ್‌ಗೇ ಬಂದಿದ್ದರು. ಲಿಂಗವನ್ನಿಡುವ ಬೆಳ್ಳಿಯ ಕರಡಿಗೆ ಬಿಸಿಯಲ್ಲಿ ಕಾದು ಎದೆಯನ್ನು ಸುಡುತ್ತದೆ, ಸಾಬೂನು ನೀರು ಒಳಗಿಳಿದರೆ ಲಿಂಗದ ಮೇಲಿನ ಕಪ್ಪು ಲೇಪವಾದ ಕಂತಿಗೂ ಒಳ್ಳೆಯದಲ್ಲ. ಅದಕ್ಕಾಗಿ ಅವರು ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ, ಮೇಲೊಂದು ಪ್ಲಾಸ್ಟಿಕ್ ಹೊದಿಕೆ ಹಾಕಿ, ಶಿವದಾರವನ್ನು ಗಿಡ್ಡ ಮಾಡಿ ಕೊರಳಲ್ಲಿಯೇ ಇಟ್ಟುಕೊಂಡು, ನಡುವಣ ಕೋಣೆಯಲ್ಲಿ ಕುಳಿತಿದ್ದರು. ಉಜ್ಜುವವಳಿಗೆ ಎದೆಯ ಭಾಗ ಬೇಡವೆಂದು ಕೈಸನ್ನೆ ಮಾಡಿದೆವು. ಆಕೆ ಅದೇನೋ ತಾಯಿತವೆಂದು ತಿಳಿದು, ಗೌರವದಿಂದಲೇ ಕೈ ತಗುಲಿಸದೆ ಬೆನ್ನು, ತೋಳು, ಕಾಲುಗಳನ್ನಷ್ಟೇ ಉಜ್ಜಿದಳು. ಖಾಸಗಿ ಕೋಣೆಯಲ್ಲಿ ಅನುಕೂಲವಿರಬಹುದು, ಆದರೆ ಮಾತು ಬಾರದಿದ್ದರೂ ಪಕ್ಕದ ಅಜ್ಜಿ ತಾನಾಗಿ ಬಂದು ಬೆನ್ನಿಗೆ ನೀರು ಹಾಕುವುದು ಅಲ್ಲಿ ಸಿಗುವುದಿಲ್ಲ. ತಾಯಿಯವರ ಆಸೆ ಇರುವುದು ಅದಕ್ಕೇ ಅಲ್ಲವೇ?

ವಿದ್ಯಾನಗರದವಳು:

ಎಲ್ಲರಿಗೂ ಧನ್ಯವಾದಗಳು. ತಾಯಿಗೆ ಓದಿ ಹೇಳಿದೆ. ಪ್ಲಾಸ್ಟಿಕ್ ಹೊದಿಕೆ ಅವರ ಮನಸ್ಸಿಗೆ ಒಪ್ಪಲಿಲ್ಲ, ಬಟ್ಟೆಯನ್ನೇ ಎರಡು ಸುತ್ತು ಕಟ್ಟಿಕೊಳ್ಳುತ್ತಾರಂತೆ. ಮಾಂಗಲ್ಯ ಸರವನ್ನು ಹೊರಗಿನ ಹೆಂಗಸಿನ ಬಳಿ ಚೀಲದಲ್ಲಿ ಬಿಡಬಹುದೇ?

ಪಿ.ಜೆ. ಬಡಾವಣೆ ಅಕ್ಕ:

ಬೇಡ. ಚಿನ್ನವೂ ಕಾಯುತ್ತದೆ, ಕೆಸ್ಸಾಕ್ಕೂ ಸಿಕ್ಕಿಕೊಳ್ಳುತ್ತದೆ. ಸರ, ಬಳೆ, ಪಾಸ್‌ಪೋರ್ಟ್ ಎಲ್ಲವನ್ನೂ ತಂಗುವ ಮನೆಯ ಲಾಕರ್‌ನಲ್ಲಿಟ್ಟು, ಹಮ್ಮಾಮ್‌ಗೆ ಬೇಕಾದಷ್ಟೇ ಚಿಲ್ಲರೆ ಒಯ್ಯಿರಿ. ಚೀಲ ನೋಡಿಕೊಂಡ ಹೆಂಗಸಿಗೂ ಹೊರಡುವಾಗ ಒಂದಿಷ್ಟು ಕೊಡುವ ವಾಡಿಕೆಯಿದೆ.

ವಿದ್ಯಾನಗರದವಳು:

ಸರಿ ಅಕ್ಕ, ಕೊರಳಿಗೆ ಅರಿಶಿನದ ದಾರ ಕಟ್ಟಿಕೊಂಡು ಹೋಗುತ್ತೇವೆ.