ಕೆಲಸ ಬಿಡದೆ ಎಚ್‌ಆರ್‌ನಲ್ಲಿ ಪಿಜಿ ಮಾಡಿದವರು ಇದ್ದೀರಾ? ಸೇರಲೋ ಬೇಡವೋ ತಿಳಿಯುತ್ತಿಲ್ಲ

ಪೇರೋಲ್ ಮೇಜು:

ಎಲ್ಲರಿಗೂ ನಮಸ್ಕಾರ. ಏಳು ವರ್ಷದಿಂದ ಒಂದು ಕಂಪನಿಯ ಎಚ್‌ಆರ್ ವಿಭಾಗದಲ್ಲಿದ್ದೇನೆ. ಹೆಸರಿಗೆ ಎಚ್‌ಆರ್. ಆದರೆ ನನ್ನ ಕೆಲಸವೆಲ್ಲ ಸಂಬಳದ ಲೆಕ್ಕ, ರಜೆಯ ಲೆಕ್ಕ, ಹೊಸಬರ ಕಾಗದಪತ್ರ. ಯಾರನ್ನು ಆರಿಸಬೇಕು, ಯಾರಿಗೆ ಏನು ತರಬೇತಿ ಕೊಡಬೇಕು ಅನ್ನುವ ಮಾತು ಬಂದಾಗ ನನ್ನನ್ನು ಯಾರೂ ಕರೆಯುವುದಿಲ್ಲ.

ಹೋದ ತಿಂಗಳು ಹಾಜರಾತಿಯ ಅಂಕಿಗಳನ್ನು ಕೊಡಲು ಒಂದು ಮೀಟಿಂಗ್‌ಗೆ ಹೋಗಿದ್ದೆ. ಒಂದು ತಂಡದಿಂದ ಜನ ಯಾಕೆ ಇಷ್ಟೊಂದು ಬಿಟ್ಟು ಹೋಗುತ್ತಿದ್ದಾರೆ ಅಂತ ಅಲ್ಲಿ ಚರ್ಚೆ ನಡೆಯಿತು. ಒಬ್ಬರು ಸಂಬಳ ಅಂದರು, ಇನ್ನೊಬ್ಬರು ಈಗಿನ ಹುಡುಗರೇ ಹಾಗೆ ಅಂದರು. ನನಗೆ ಬೇರೆಯದೇ ಕಾಣುತ್ತಿತ್ತು. ಆ ತಂಡದವರ ರಜೆ ಅರ್ಜಿಗಳು ಎಷ್ಟು ಸಲ ವಾಪಸ್ ಬಂದಿವೆ ಅನ್ನುವುದು ದಿನಾ ನನ್ನ ಕಣ್ಣೆದುರಿಗೇ ಇರುತ್ತದೆ. ಆದರೆ ಅದನ್ನು ಹೇಗೆ ಹೇಳಬೇಕು, ಯಾವ ಆಧಾರದ ಮೇಲೆ ಹೇಳಬೇಕು ಅಂತ ಗೊತ್ತಾಗಲಿಲ್ಲ. ಬಾಯಿ ಬಿಡದೆ ಎದ್ದು ಬಂದೆ. ಅವತ್ತಿನಿಂದ ಓದಬೇಕು ಅನ್ನುವುದು ತಲೆಯಲ್ಲಿ ಕೂತಿದೆ.

ಎರಡೂವರೆ ವರ್ಷದ ಪಾರ್ಟ್ ಟೈಮ್ ಕೋರ್ಸ್ ಒಂದನ್ನು ನೋಡಿದ್ದೇನೆ. ವಾರಾಂತ್ಯದಲ್ಲಿ ತರಗತಿ, ಕೊನೆಯ ಆರು ತಿಂಗಳು ಪ್ರಾಜೆಕ್ಟ್. ನನಗೆ ಮೂವತ್ನಾಲ್ಕು ವರ್ಷ, ಮಗಳಿಗೆ ನಾಲ್ಕು. ಭಯ ಮೂರು. ಸಂಖ್ಯಾಶಾಸ್ತ್ರ ಒಂದು. ಸಮಯ ಎರಡು. ಮೂರನೆಯದು, ಓದಿದ್ದು ಪುಸ್ತಕದಲ್ಲೇ ಉಳಿದುಬಿಟ್ಟರೆ? ಮ್ಯಾನೇಜರ್‌ಗೆ ಇನ್ನೂ ಹೇಳಿಲ್ಲ. ಮಾಡಿ ಮುಗಿಸಿದವರು ದಯವಿಟ್ಟು ಬರೆಯಿರಿ.

ಭಾನುವಾರದ ವಿದ್ಯಾರ್ಥಿ:

ಮೇಡಂ, ನಿಮ್ಮ ಪ್ರಶ್ನೆ ಓದಿ ತಕ್ಷಣ ಬರೆಯಲು ಕೂತೆ. ನಾನು ನೇಮಕಾತಿ ವಿಭಾಗದಲ್ಲಿದ್ದವನು. ಇಂಥದ್ದೇ ಕೋರ್ಸ್ ಸೇರಿದಾಗ ಮೂವತ್ತೆಂಟು ವರ್ಷ. ಮುಗಿಸಿ ಎರಡು ವರ್ಷ ಆಯಿತು.

ಮೊದಲು ನಿಮ್ಮ ಮೂರನೇ ಭಯ, ಯಾಕಂದರೆ ಅದೇ ಮುಖ್ಯ. ಮೀಟಿಂಗ್‌ನಲ್ಲಿ ನಿಮ್ಮ ಬಾಯಿಗೆ ಬಂದು ನಿಂತ ಮಾತು ಇದೆಯಲ್ಲ, ಅದೇ ನಿಮ್ಮ ಪ್ರಾಜೆಕ್ಟ್. ಸೇರುವ ಮೊದಲೇ ಕೈಯಲ್ಲಿ ಪ್ರಶ್ನೆ ಇರುವವರು ಬಹಳ ಕಡಿಮೆ. ನನ್ನ ಜೊತೆಯಲ್ಲಿದ್ದವರು ಕೊನೆಯ ಸೆಮಿಸ್ಟರ್‌ನಲ್ಲಿ ವಿಷಯ ಹುಡುಕುತ್ತಾ ಎರಡು ತಿಂಗಳು ಕಳೆದರು. ನೀವು ಮೊದಲ ದಿನದಿಂದಲೇ ಒಂದು ನೋಟ್‌ಬುಕ್ ಇಡಿ. ಪ್ರತಿ ತರಗತಿ ಮುಗಿದ ಮೇಲೆ "ಇದು ನನ್ನ ಪ್ರಶ್ನೆಗೆ ಏನು ಹೇಳುತ್ತದೆ?" ಅಂತ ನಾಲ್ಕು ಸಾಲು ಬರೆಯಿರಿ.

ನನ್ನ ಕಥೆ ಹೇಳುತ್ತೇನೆ. ಆಯ್ಕೆಯ ವಿಧಾನಗಳ ಪಾಠ ಬಂದಾಗ ಸಂದರ್ಶನ ತೆಗೆದುಕೊಳ್ಳುವುದರಲ್ಲಿ ನನಗೆ ಒಂಬತ್ತು ವರ್ಷದ ಅನುಭವ ಇತ್ತು. ಎದುರಿಗೆ ಕೂತವರನ್ನು ಹತ್ತು ನಿಮಿಷದಲ್ಲಿ ಅಳೆಯಬಲ್ಲೆ ಅಂತ ನಂಬಿದ್ದೆ. ಆ ಪಾಠದಲ್ಲಿ ಶ್ಮಿಟ್ ಮತ್ತು ಹಂಟರ್ ಅನ್ನುವ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಲೇಖನ ಓದಿದೆವು. 85 ವರ್ಷಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ, 19 ಆಯ್ಕೆ ವಿಧಾನಗಳಲ್ಲಿ ಯಾವುದು ಮುಂದಿನ ಕೆಲಸವನ್ನು ಎಷ್ಟು ಸರಿಯಾಗಿ ಊಹಿಸುತ್ತದೆ ಅಂತ ಅವರು ಲೆಕ್ಕ ಹಾಕಿದ್ದರು. ಊಹೆ ಪೂರ್ತಿ ಸರಿಯಾದರೆ 1, ಸಂಬಂಧವೇ ಇಲ್ಲದಿದ್ದರೆ 0. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ ಅಂಕ ಕೊಡುವ ಸಂದರ್ಶನಕ್ಕೆ 0.51. ಮನಸ್ಸಿಗೆ ಬಂದದ್ದು ಕೇಳುವ ಸಂದರ್ಶನಕ್ಕೆ 0.38. 2022ರಲ್ಲಿ ಸ್ಯಾಕೆಟ್ ಮತ್ತು ಜೊತೆಗಾರರು ಆ ಲೆಕ್ಕ ಹಾಕಿದ ರೀತಿಯಲ್ಲಿ ತಪ್ಪು ಹುಡುಕಿದರು. ಹೊಸ ಲೆಕ್ಕದಲ್ಲಿ ಎರಡೂ ಕೆಳಗಿಳಿದು 0.42 ಮತ್ತು 0.19 ಆದವು. ಅಂತರ ಮಾತ್ರ ಇನ್ನೂ ಜಾಸ್ತಿ ಆಯಿತು.

ಅದನ್ನು ಓದಿದ್ದು ಭಾನುವಾರ. ಬುಧವಾರ ನನಗೆ ಐದು ಸಂದರ್ಶನಗಳಿದ್ದವು. ಆರು ಪ್ರಶ್ನೆ ಬರೆದುಕೊಂಡು ಐದೂ ಜನಕ್ಕೆ ಅವನ್ನೇ ಕೇಳಿದೆ. ನಾನು ಮತ್ತು ನನ್ನ ಸಹೋದ್ಯೋಗಿ ಒಬ್ಬರ ಅಂಕ ಒಬ್ಬರು ನೋಡದೆ ಬರೆದೆವು. ಕೊನೆಗೆ ಹೋಲಿಸಿದಾಗ, ನನಗೆ ಮಾತಿನಲ್ಲಿ ತುಂಬಾ ಹಿಡಿಸಿದ್ದವರು ಇಬ್ಬರ ಹಾಳೆಯಲ್ಲೂ ನಾಲ್ಕನೇ ಜಾಗದಲ್ಲಿದ್ದರು. ನನ್ನ ಅಂಕಗಳೇ ನನ್ನ ಅನಿಸಿಕೆಯನ್ನು ಒಪ್ಪಲಿಲ್ಲ. ಹಿಂದಿನ ಒಂಬತ್ತು ವರ್ಷದಲ್ಲಿ ಎಷ್ಟು ಜನರನ್ನು ಹೀಗೆ ತಪ್ಪಾಗಿ ಕಳುಹಿಸಿರಬಹುದು ಅಂತ ಯೋಚಿಸಿ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಪೂರ್ತಿ ಸಮಯ ಓದುವವರಿಗೆ ಈ ಪಾಠ ಪರೀಕ್ಷೆಯ ಪ್ರಶ್ನೆ. ನಮಗೆ ಬುಧವಾರದ ಕೆಲಸ. ಪಾರ್ಟ್ ಟೈಮ್ ಓದಿನ ಬೆಲೆ ನನಗೆ ಗೊತ್ತಾಗಿದ್ದು ಹೀಗೆ.

ಪ್ರಾಜೆಕ್ಟ್‌ಗೆ ನಾನು ತೆಗೆದುಕೊಂಡಿದ್ದು ಎಕ್ಸಿಟ್ ಇಂಟರ್‌ವ್ಯೂ, ಅಂದರೆ ಕೆಲಸ ಬಿಡುವವರನ್ನು ಕಾರಣ ಕೇಳುವುದು. ನಮ್ಮ ಫಾರ್ಮ್‌ನಲ್ಲಿ ಬಿಟ್ಟು ಹೋಗಲು ಎಂಟು ಕಾರಣಗಳ ಪಟ್ಟಿ ಇತ್ತು. ಬಹುತೇಕ ಎಲ್ಲರೂ "ಉತ್ತಮ ಅವಕಾಶ" ಅನ್ನುವುದಕ್ಕೆ ಟಿಕ್ ಹಾಕಿದ್ದರು. ಅದರಿಂದ ಏನೂ ತಿಳಿಯುವುದಿಲ್ಲ, ಅಲ್ವಾ? ಆಗ ನನಗೆ ದಾರಿ ತೋರಿಸಿದ್ದು ಹಾಥಾರ್ನ್ ಕಾರ್ಖಾನೆಯ ಅಧ್ಯಯನ. 1924ರಿಂದ 1932ರವರೆಗೆ ಶಿಕಾಗೋ ಹತ್ತಿರ ನಡೆದದ್ದು. ಅದರಲ್ಲಿ ದೀಪದ ಬೆಳಕು ಹೆಚ್ಚು ಕಡಿಮೆ ಮಾಡಿ ಕೆಲಸ ಅಳೆದ ಪ್ರಯೋಗವನ್ನೇ ಎಲ್ಲರೂ ಹೇಳುತ್ತಾರೆ. ನನಗೆ ಹಿಡಿಸಿದ್ದು ಅಲ್ಲಿನ ಸಂದರ್ಶನಗಳ ಭಾಗ. 20,000ಕ್ಕೂ ಹೆಚ್ಚು ನೌಕರರನ್ನು ಮಾತಾಡಿಸಿದರು. ಮೊದಲು ಪ್ರಶ್ನೆಗಳ ಪಟ್ಟಿ ಹಿಡಿದು ಹೋದರು. ಜನ ಪಟ್ಟಿ ಬಿಟ್ಟು ತಮಗೆ ಮುಖ್ಯ ಅನ್ನಿಸಿದ್ದನ್ನೇ ಹೇಳತೊಡಗಿದರು. ಕೊನೆಗೆ ಪಟ್ಟಿ ಬದಿಗಿಟ್ಟು ಸುಮ್ನೆ ಕೇಳಿಸಿಕೊಳ್ಳುವುದೇ ಸರಿ ಅಂತ ತೀರ್ಮಾನಿಸಿದರು. ಆಯ್ಕೆಗೆ ಪಟ್ಟಿ ಬೇಕು, ಅಳಲಿಗೆ ಪಟ್ಟಿ ಬೇಡ. ಈ ವ್ಯತ್ಯಾಸ ಕೆಲಸದಲ್ಲಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಕೆಲಸ ಬಿಟ್ಟು ಆರು ತಿಂಗಳು ಕಳೆದ ಹದಿನಾಲ್ಕು ಜನರ ಜೊತೆ ನಾನೂ ಫೋನಿನಲ್ಲಿ ಮಾತಾಡಿದೆ. "ಕೊನೆಯ ಮೂರು ತಿಂಗಳು ಹೇಗಿತ್ತು?" ಅನ್ನುವ ಒಂದೇ ಪ್ರಶ್ನೆಯಿಂದ ಶುರು ಮಾಡುತ್ತಿದ್ದೆ. ಒಬ್ಬರು ಐವತ್ತು ನಿಮಿಷ ಮಾತಾಡಿದರು. ಅವರ ಹಳೆಯ ಫಾರ್ಮ್‌ನಲ್ಲೂ ಟಿಕ್ ಇದ್ದದ್ದು "ಉತ್ತಮ ಅವಕಾಶ"ಕ್ಕೇ. ನಿಜವಾಗಿ ಅವರಿಗೆ ಮಾತು ಕೊಟ್ಟಿದ್ದ ಹುದ್ದೆಯನ್ನು ಇನ್ನೊಬ್ಬರಿಗೆ ಕೊಟ್ಟಿದ್ದರು. ಆ ಮಾತು ಯಾವ ಕಾಗದದಲ್ಲೂ ಇರಲಿಲ್ಲ. ಬರೆಯದ ಇಂಥ ಒಪ್ಪಂದಗಳಿಗೆ ಮನೋವೈಜ್ಞಾನಿಕ ಒಪ್ಪಂದ ಅನ್ನುತ್ತಾರೆ. 1989ರಲ್ಲಿ ಡೆನಿಸ್ ರೂಸೋ ಇದರ ಬಗ್ಗೆ ಬರೆದದ್ದನ್ನು ನಾನು ಪರೀಕ್ಷೆಗಾಗಿ ಓದಿದ್ದೆ. ಅವತ್ತು ಫೋನ್ ಇಟ್ಟ ಮೇಲೆ ಮತ್ತೆ ತೆಗೆದು ಓದಿದೆ. ಪ್ರತಿ ಸಾಲಿಗೂ ಒಂದು ಮುಖ ಸಿಕ್ಕಿತ್ತು.

ಸಮಯದ ಬಗ್ಗೆ ಒಂದೇ ಮಾತು. ಭಾನುವಾರ ಆರು ಗಂಟೆ ಓದಿ ಮುಂದಿನ ವಾರದವರೆಗೆ ಪುಸ್ತಕ ಮುಟ್ಟದೆ ಇರಬೇಡಿ. ಮೊದಲ ಸೆಮಿಸ್ಟರ್ ಪೂರ್ತಿ ನಾನು ಮಾಡಿದ್ದು ಅದೇ. ಓದಿದ್ದು ಮೊದಲ ದಿನಗಳಲ್ಲೇ ಬೇಗ ಬೇಗ ಜಾರುತ್ತದೆ ಅಂತ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹಾಸ್ 1885ರಲ್ಲೇ ತನ್ನ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಆಮೇಲೆ ದಿನಾ ಬೆಳಿಗ್ಗೆ ಇಪ್ಪತ್ತೈದು ನಿಮಿಷ, ಪುಸ್ತಕ ಮುಚ್ಚಿ, ನಿನ್ನೆ ಓದಿದ್ದನ್ನು ನೆನಪಿನಿಂದ ಬರೆಯಲು ಶುರು ಮಾಡಿದೆ. ಅಷ್ಟರಿಂದಲೇ ಪಾಸಾದೆ.

ಅರ್ಧದಲ್ಲಿ ನಿಂತವನು:

ನಾನು ಮುಗಿಸಿಲ್ಲ, ಆದರೂ ಬರೆಯುತ್ತೇನೆ. ಮೂರನೇ ಸೆಮಿಸ್ಟರ್‌ನಲ್ಲಿ ಬಿಟ್ಟೆ. ಓದು ಕಷ್ಟ ಆಗಿ ಬಿಟ್ಟಿದ್ದಲ್ಲ. ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ವರ್ಷದ ಅಪ್ರೈಸಲ್ ಮತ್ತು ಪರೀಕ್ಷೆ ಒಂದೇ ವಾರ ಬಿದ್ದಾಗ ರಜೆ ಕೇಳಲು ಬಾಯಿ ಬರಲಿಲ್ಲ. ಎರಡು ಪೇಪರ್ ತಪ್ಪಿದವು. ಗುಂಪು ಅಸೈನ್‌ಮೆಂಟ್‌ಗೆ ಹೋಗದೆ ಉಳಿದವರಿಗೂ ತೊಂದರೆ ಕೊಟ್ಟೆ. ನಾಚಿಕೆಯಿಂದ ಫೋನ್ ಎತ್ತಲಿಲ್ಲ. ಒಂದು ಸೆಮಿಸ್ಟರ್ ವಿರಾಮ ತೆಗೆದುಕೊಳ್ಳಲು ನಿಯಮದಲ್ಲಿ ಅವಕಾಶ ಇತ್ತು ಅಂತ ಆಮೇಲೆ ಗೊತ್ತಾಯಿತು. ಅರ್ಜಿ ಬರೆದು ಕೇಳಿದ್ದರೆ ಸಿಗುತ್ತಿತ್ತು.

ಹಾಗಾಗಿ ಮ್ಯಾನೇಜರ್‌ಗೆ ಸೇರುವ ಮೊದಲೇ ಹೇಳಿ ಮೇಡಂ. ಪರೀಕ್ಷೆಯ ತಿಂಗಳು ಯಾವುದು, ನಿಮ್ಮ ಆಫೀಸಿನಲ್ಲಿ ಕೆಲಸ ಜಾಸ್ತಿ ಇರುವ ತಿಂಗಳು ಯಾವುದು, ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ತೋರಿಸಿ. ವಿರಾಮದ ನಿಯಮ ಏನು, ಕೋರ್ಸ್ ಮುಗಿಸಲು ಎಷ್ಟು ವರ್ಷದ ಗಡುವು ಅಂತ ಸೇರುವಾಗಲೇ ಕೇಳಿ. ಮನೆಯಲ್ಲೂ ಅಷ್ಟೆ. ನಾಲ್ಕು ವರ್ಷದ ಮಗು ಇರುವಾಗ ಶನಿವಾರ ಯಾರು ನೋಡಿಕೊಳ್ಳುತ್ತಾರೆ ಅನ್ನುವುದನ್ನು ಊಹೆಗೆ ಬಿಡಬೇಡಿ.

ಪೇರೋಲ್ ಮೇಜು:

ಇಬ್ಬರಿಗೂ ಮನಸಾರೆ ಧನ್ಯವಾದ. ಅರ್ಧದಲ್ಲಿ ನಿಂತವರೇ, ನೀವು ಬರೆದದ್ದಕ್ಕೆ ವಿಶೇಷವಾಗಿ. ಆ ಹಾಳೆಯನ್ನು ಇವತ್ತೇ ಬರೆದೆ. ಎರಡು ತಿಂಗಳು ಡಿಕ್ಕಿ ಹೊಡೆಯುತ್ತವೆ.

ಒಂದು ಸಂದೇಹ. ರಜೆ ಅರ್ಜಿ ತಿರಸ್ಕಾರ ಜಾಸ್ತಿ ಇರುವ ತಂಡದಿಂದ ಜನ ಜಾಸ್ತಿ ಬಿಡುತ್ತಾರೆ ಅಂತ ನನ್ನ ಹತ್ತಿರ ಇರುವ ಡೇಟಾದಿಂದ ಈಗಲೇ ತೋರಿಸಬಹುದು. ಅಷ್ಟು ಸಾಕಾಗುತ್ತದಾ? ಇದಕ್ಕೆ ಎಷ್ಟು ಸಂಖ್ಯಾಶಾಸ್ತ್ರ ಬೇಕು?

ಕೆಂಪು ಪೆನ್ನು:

ಹಲವು ವರ್ಷಗಳಿಂದ ಇಂಥ ಪ್ರಾಜೆಕ್ಟ್‌ಗಳಿಗೆ ಗೈಡ್ ಆಗಿದ್ದೇನೆ, ವೈವಾದಲ್ಲೂ (ಮೌಖಿಕ ಪರೀಕ್ಷೆ) ಕೂರುತ್ತೇನೆ. ಹಾಗಾಗಿ ನೇರವಾಗಿ ಹೇಳುತ್ತೇನಮ್ಮ.

ಮೊದಲನೆಯದು, ಆ ಡೇಟಾ ನಿಮ್ಮದಲ್ಲ. ಸಂಬಳ ಮತ್ತು ರಜೆ ಲೆಕ್ಕ ಮಾಡಲು ಕಂಪನಿ ನಿಮಗೆ ಅದನ್ನು ಕೊಟ್ಟಿದೆ, ಓದಿಗೆ ಕೊಟ್ಟಿಲ್ಲ. ಬರವಣಿಗೆಯಲ್ಲಿ ಅನುಮತಿ ಪಡೆಯಿರಿ. ಹೆಸರು, ನೌಕರರ ಸಂಖ್ಯೆ ಎರಡನ್ನೂ ಮೊದಲೇ ತೆಗೆಸಿ. ಮೂರು ಜನರ ತಂಡ ಇದ್ದರೆ ಹೆಸರು ತೆಗೆದರೂ ಯಾರು ಅಂತ ಗೊತ್ತಾಗುತ್ತದೆ. ಅಂಥ ತಂಡಗಳನ್ನು ಒಟ್ಟಿಗೆ ಸೇರಿಸಿ. ಸಂಬಳದ ಮೇಜಿನಲ್ಲಿ ಕೂತವರ ಮೇಲೆ ಜನ ಇಟ್ಟಿರುವ ನಂಬಿಕೆ ಡಿಗ್ರಿಗಿಂತ ದೊಡ್ಡದು. ಅದು ಒಮ್ಮೆ ಹೋದರೆ ನಾಳೆ ಅವರ ಕಷ್ಟವನ್ನು ನಿಮ್ಮ ಹತ್ತಿರ ಯಾರೂ ಹೇಳುವುದಿಲ್ಲ.

ಎರಡನೆಯದನ್ನು ವೈವಾದಲ್ಲಿ ನಾನೇ ಕೇಳುತ್ತೇನೆ. ರಜೆ ಸಿಗಲಿಲ್ಲ ಅಂತ ಜನ ಬಿಟ್ಟರೋ, ಜನ ಬಿಟ್ಟು ಹೋಗಿದ್ದರಿಂದ ಉಳಿದವರಿಗೆ ರಜೆ ಸಿಗಲಿಲ್ಲವೋ? ನಿಮ್ಮ ಅಂಕಿಗಳು ಎರಡಕ್ಕೂ ಹೊಂದುತ್ತವೆ. ಇದನ್ನು ಬಿಡಿಸಲು ತಿಂಗಳುಗಳ ಕ್ರಮ ನೋಡಬೇಕು. ತಿರಸ್ಕಾರ ಮೊದಲು ಏರಿತೋ, ರಾಜೀನಾಮೆ ಮೊದಲು ಏರಿತೋ? ಆ ತಂಡದಲ್ಲಿ ಪಾಳಿ ಕೆಲಸ ಇದೆಯೋ, ಮೇಲಿನವರು ಬದಲಾದರೋ ಅನ್ನುವುದನ್ನೂ ನೋಡಬೇಕು. ಮೀಟಿಂಗ್‌ನಲ್ಲಿ ನೀವು ಸುಮ್ಮನಿದ್ದದ್ದು ಹೇಡಿತನ ಅಂತ ನನಗೆ ಅನ್ನಿಸಲಿಲ್ಲ. ಆಧಾರ ಸಾಲದು ಅಂತ ನಿಮಗೆ ಗೊತ್ತಿತ್ತು. ಸಂಶೋಧನೆ ಮಾಡುವವರಿಗೆ ಮೊದಲು ಬೇಕಾದದ್ದು ಆ ಅರಿವೇ.

ಸಂಖ್ಯಾಶಾಸ್ತ್ರಕ್ಕೆ ಹೆದರಬೇಡಿ. ಸರಾಸರಿ, ಪ್ರಮಾಣ ವಿಚಲನೆ, ಸಹಸಂಬಂಧ, ಟಿ ಪರೀಕ್ಷೆ, ಕೈ ಸ್ಕ್ವೇರ್, ಸ್ವಲ್ಪ ರಿಗ್ರೆಶನ್. ಇಷ್ಟರಲ್ಲಿ ಬಹುಪಾಲು ಪ್ರಾಜೆಕ್ಟ್ ಮುಗಿಯುತ್ತವೆ. ಲೆಕ್ಕವನ್ನು ಸಾಫ್ಟ್‌ವೇರ್ ಮಾಡುತ್ತದೆ. ಯಾವ ಪ್ರಶ್ನೆಗೆ ಯಾವ ಪರೀಕ್ಷೆ ಅನ್ನುವುದು ನಿಮಗೆ ತಿಳಿದಿರಬೇಕು. ತಿಂಗಳ ಕೊನೆಯಲ್ಲಿ ನೂರಾರು ಜನರ ಸಂಬಳ ತಾಳೆ ಹಾಕುವವರಿಗೆ ಇದು ಬರುತ್ತದೆ. ನನ್ನ ವಿದ್ಯಾರ್ಥಿಗಳಲ್ಲಿ ಪೇರೋಲ್‌ನಿಂದ ಬಂದವರು ತಪ್ಪು ಅಂಕಿಯನ್ನು ಎಲ್ಲರಿಗಿಂತ ಮೊದಲು ಹಿಡಿಯುತ್ತಾರೆ.

ಜೊತೆಗೆ ಹತ್ತು ಹನ್ನೆರಡು ಜನರ ಮಾತೂ ಕೇಳಿ, ಭಾನುವಾರದ ವಿದ್ಯಾರ್ಥಿ ಮಾಡಿದ ಹಾಗೆ. ಅಂಕಿಯಿಂದ ಎಲ್ಲಿ ಅಂತ ತಿಳಿಯುತ್ತದೆ, ಯಾಕೆ ಅಂತ ಜನರೇ ಹೇಳಬೇಕು. ಇನ್ನೊಂದು ಸಣ್ಣ ವಿನಂತಿ. ಪ್ರೇರಣೆಯ ಅಧ್ಯಾಯದಲ್ಲಿ, ಮನುಷ್ಯನ ಅಗತ್ಯಗಳನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಮ್ಯಾಸ್ಲೋ ಪಿರಮಿಡ್ ಚಿತ್ರ ಹಾಕಿ ಪುಟ ತುಂಬಿಸಬೇಡಿ. 1943ರ ಲೇಖನದಲ್ಲಿ ಅವರು ಪಿರಮಿಡ್ ಬರೆದೇ ಇಲ್ಲ. ಮೂಲ ಓದಿದವರು ಯಾರು, ಓದದವರು ಯಾರು ಅಂತ ನಮಗೆ ಅಲ್ಲೇ ಗೊತ್ತಾಗುತ್ತದೆ.

ಪೇರೋಲ್ ಮೇಜು:

ಸರ್, ರಜೆಯೋ ರಾಜೀನಾಮೆಯೋ ಯಾವುದು ಮೊದಲು ಅನ್ನುವ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಏಳು ವರ್ಷದಿಂದ ಅದೇ ಅಂಕಿಗಳನ್ನು ನೋಡುತ್ತಿದ್ದೇನೆ! ಓದಬೇಕು ಅನ್ನುವುದಕ್ಕೆ ನನಗೆ ಇನ್ನು ಬೇರೆ ಕಾರಣ ಬೇಡ.

ಅರ್ಜಿ ಹಾಕಲು ಇನ್ನೂ ಹನ್ನೊಂದು ದಿನ ಇದೆ. ನಾಳೆ ಮಧ್ಯಾಹ್ನ ಮ್ಯಾನೇಜರ್ ಹತ್ತಿರ ಸಮಯ ಕೇಳಿದ್ದೇನೆ. ತಿಂಗಳುಗಳ ಹಾಳೆ ತೆಗೆದುಕೊಂಡು ಹೋಗುತ್ತೇನೆ. ಡೇಟಾ ಅನುಮತಿಯನ್ನೂ ನಾಳೆಯೇ ಕೇಳಲಾ, ಸೇರಿದ ಮೇಲೆ ಕೇಳಲಾ?

ಕೆಂಪು ಪೆನ್ನು:

ನಾಳೆ ಓದಿನ ವಿಷಯ ಮಾತ್ರ ಮಾತಾಡಿ. ಅನುಮತಿ ಪತ್ರದಲ್ಲಿ ಯಾವ ಡೇಟಾ, ಎಷ್ಟು ತಿಂಗಳದ್ದು, ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತೀರಿ ಅಂತ ನಾಲ್ಕೂ ಇರಬೇಕು. ಅದನ್ನು ಬರೆಯಲು ಗೈಡ್ ಸಿಕ್ಕ ಮೇಲೆ ಕೂತುಕೊಳ್ಳಿ. ಸಿನಾಪ್ಸಿಸ್ (ಪ್ರಾಜೆಕ್ಟ್‌ನ ಸಾರಾಂಶ) ಬರೆದಾಗ ಕಂಪನಿಯ ಗುರುತು ತೆಗೆದು ಇಲ್ಲಿ ಹಾಕಿ, ಓದಿ ಹೇಳುತ್ತೇನೆ.