ತೆರಿಗೆ ತಡವಾಯ್ತು, ದಂಡ ಬಂತು: ಮೇಡಂ ಅವರನ್ನು ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಆರ್‌ಟಿಓ ಕಚೇರಿಯ ತೆರಿಗೆ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತರಾದ ಮೇಡಂ ಇವತ್ತು ಸಂಜೆ ಗ್ರೂಪಿನಲ್ಲಿ ಇರುತ್ತಾರೆ. ವಿಷಯ ಒಂದೇ: ವಾಹನ ತೆರಿಗೆ ತಡವಾಗಿ ದಂಡ ಬಿದ್ದರೆ ಏನು ಮಾಡಬೇಕು. ಗಾಡಿ ನಂಬರು, ಫೋನ್ ನಂಬರು ಇಲ್ಲಿ ಹಾಕಬೇಡಿ.

ತುಮಕೂರು: ಮೇಡಂ, ನನ್ನ ಬೈಕು 2009ರದು. ಲೈಫ್ ಟೈಮ್ ಟ್ಯಾಕ್ಸ್ 15 ವರ್ಷಕ್ಕೆ ಮುಗಿದುಹೋಯಿತು, ಮತ್ತೆ ಕಟ್ಟಬೇಕು ಅಂತ ಏಜೆಂಟ್ ಹೇಳುತ್ತಿದ್ದಾರೆ. ನಿಜಾನಾ? ದಂಡ ಎಷ್ಟಾಗಬಹುದು?

ಮೇಡಂ: ಮುಗಿದಿರುವುದು ತೆರಿಗೆ ಅಲ್ಲ, ನೋಂದಣಿ ಪತ್ರ, ಅಂದರೆ ಆರ್‌ಸಿ. ಸ್ವಂತ ಬಳಕೆಯ ಬೈಕು, ಕಾರು ನಮ್ಮ ರಾಜ್ಯದಲ್ಲೇ ನೋಂದಣಿ ಆಗಿದ್ದರೆ ಜೀವಿತಾವಧಿ ತೆರಿಗೆ ಒಂದೇ ಸಲ. ಆರ್‌ಸಿ ಮಾತ್ರ 15 ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲ್ 1ರಿಂದ ನವೀಕರಣ ಶುಲ್ಕ ಬೈಕಿಗೆ 1,000, ಕಾರಿಗೆ 5,000 ರೂಪಾಯಿ. ತಡವಾದ ಪ್ರತಿ ತಿಂಗಳಿಗೆ ಬೈಕಿಗೆ 300, ಕಾರಿಗೆ 500 ಸೇರುತ್ತದೆ. ಇದರ ಮೇಲೆ ಹಳೆ ಗಾಡಿಗೆ ಹಾಕುವ ಹಸಿರು ತೆರಿಗೆ ಬೈಕಿಗೆ 250, ಕಾರಿಗೆ 500. ಗಾಡಿ 20 ವರ್ಷ ದಾಟಿದ್ದರೆ 2025ರ ಆಗಸ್ಟ್‌ನ ಆದೇಶದಂತೆ ಶುಲ್ಕ ಬೈಕಿಗೆ 2,000, ಕಾರಿಗೆ 10,000. ಗಾಡಿಯನ್ನು ತಪಾಸಣೆಗೆ ತೆಗೆದುಕೊಂಡು ಹೋಗಲೇಬೇಕು. ‘ಟ್ಯಾಕ್ಸ್’ ಅಂತ ಹೇಳಿ ಏಜೆಂಟ್ ಬೇರೆ ದುಡ್ಡು ಕೇಳಿದರೆ ರಸೀದಿ ಕೇಳಿ.

ಕೆ.ಆರ್. ನಗರ: ಮೇಡಂ ನಂದು 2008ರ ಕಾರು. ಟ್ಯಾಕ್ಸ್ ರಿನ್ಯೂವಲ್ ಹೇಗೆ?

ಮೇಡಂ: ತುಮಕೂರಿನವರಿಗೆ ಹೇಳಿದ್ದೇ ನಿಮಗೂ. ಅಲ್ಲೇ ಕಾರಿನ ಲೆಕ್ಕವೂ ಇದೆ.

ಯಲಹಂಕ: ಮೇಡಂ, ನಮ್ಮದು ಬಿಎಚ್, ಅಂದರೆ ಎಲ್ಲ ರಾಜ್ಯದಲ್ಲೂ ನಡೆಯುವ ಭಾರತ್ ಸರಣಿ ನಂಬರಿನ ಕಾರು. ಕೇಂದ್ರ ಸರ್ಕಾರದ ನೌಕರಿ, ವರ್ಗಾವಣೆ ಆಗುತ್ತಲೇ ಇರುತ್ತೆ ಅಂತ ತಗೊಂಡಿದ್ದು. ಎರಡು ವರ್ಷದ ತೆರಿಗೆ ಮಾರ್ಚ್ 14ಕ್ಕೆ ಮುಗಿದಿದೆ. ಗೊತ್ತೇ ಆಗಲಿಲ್ಲ. ಜುಲೈನಲ್ಲಿ ನೋಡಿದರೆ ತೆರಿಗೆಯ ಜೊತೆಗೆ ಹತ್ತು ಸಾವಿರ ಚಿಲ್ಲರೆ ದಂಡ ತೋರಿಸುತ್ತಿದೆ. ಒಂದು ಮೆಸೇಜೂ ಬಂದಿಲ್ಲ. ಕಚೇರಿಗೆ ಮನವಿ ಕೊಟ್ಟರೆ ಮನ್ನಾ ಮಾಡುತ್ತಾರಾ?

ಮೇಡಂ: ಮಾಡುವುದಿಲ್ಲ. ಬಿಎಚ್ ಸರಣಿಗೆ ಕೇಂದ್ರದ ನಿಯಮ ಇದೆ. ತೆರಿಗೆಯ ಅವಧಿ ಮುಗಿದ ಮೇಲೆ 7 ದಿನ ಬಿಡುತ್ತಾರೆ. ಆಮೇಲೆ ದಿನಕ್ಕೆ 100 ರೂಪಾಯಿ. ನಿಮ್ಮದು ಮಾರ್ಚ್ 22ರಿಂದ ಎಣಿಸಿದರೆ ಜುಲೈ ಮೊದಲ ವಾರಕ್ಕೆ ನೂರು ದಿನ ದಾಟುತ್ತದೆ. ಲೆಕ್ಕ ಸರಿಯಾಗಿಯೇ ಇದೆ. ಇದನ್ನು ಹಾಕುವುದು ಸರ್ಕಾರದ ವಾಹನ್ ಪೋರ್ಟಲ್, ಕೌಂಟರಿನಲ್ಲಿ ಕೂತವರು ಅಳಿಸಲು ಬರುವುದಿಲ್ಲ. ನೀವು ಮನವಿ ಬರೆದು ಉತ್ತರ ಕಾಯುವ ಹತ್ತು ದಿನಕ್ಕೆ ಇನ್ನೊಂದು ಸಾವಿರ ಸೇರುತ್ತದೆ. ಇವತ್ತೇ ಕಟ್ಟಿ. ಯಾವ ಊರಿನಲ್ಲಿ ಇದ್ದರೂ ಆನ್‌ಲೈನ್‌ನಲ್ಲಿ ಆಗುತ್ತದೆ. ಕಟ್ಟಿದ ಮೇಲೆ ಮುಂದಿನ ತಾರೀಖನ್ನು ಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. 14 ವರ್ಷ ಆದ ಮೇಲೆ ವರ್ಷವರ್ಷ ಕಟ್ಟಬೇಕು, ಮೊತ್ತ ಹಿಂದೆ ಕಟ್ಟುತ್ತಿದ್ದುದರ ಅರ್ಧ.

ಮಂಡ್ಯ: ನಾನು ಕ್ಯಾಬ್ ಓಡಿಸೋನು. ಬಿಎಚ್‌ನವರು ನಮ್ಮ ರೋಡ್ ಟ್ಯಾಕ್ಸ್ ತಪ್ಪಿಸೋಕೆ ಆ ನಂಬರು ತಗೋತಾರೆ. ಈಗ ಹತ್ತು ಸಾವಿರಕ್ಕೆ ಅಳ್ತಾರೆ.

ಯಲಹಂಕ: ಯಾರು ತಪ್ಪಿಸಿದ್ದು ಸಾರ್? ಎರಡು ವರ್ಷಕ್ಕೊಮ್ಮೆ ಕಟ್ಟುತ್ತಲೇ ಇದ್ದೇವೆ. ಹಿಂದೆ ಊರು ಬದಲಾದಾಗೆಲ್ಲ ಒಂದು ರಾಜ್ಯದಲ್ಲಿ ಪೂರ್ತಿ ತೆರಿಗೆ ಕಟ್ಟಿ, ಇನ್ನೊಂದು ರಾಜ್ಯದಿಂದ ವಾಪಸ್ ಪಡೆಯಲು ವರ್ಷಗಟ್ಟಲೆ ಅಲೆದಿದ್ದೇನೆ. ಅದು ನಿಮಗೆ ಗೊತ್ತಾ?

ಮಂಡ್ಯ: ನಮ್ಮ ಅಲೆದಾಟ ನಿಮಗೆ ಗೊತ್ತಾ? ಪರ್ಮಿಟ್, ಫಿಟ್‌ನೆಸ್ ಸರ್ಟಿಫಿಕೇಟ್ (ಎಫ್‌ಸಿ), ಇನ್ಶೂರೆನ್ಸ್. ಒಂದು ದಿನ ತಪ್ಪಿದರೆ ಗಾಡಿ ನಿಲ್ಲಿಸ್ತಾರೆ.

ಉಡುಪಿ: ಮೇಡಂ, ಕೇರಳ ನೋಂದಣಿಯ ಕಾರು ತಂದಿದ್ದೇನೆ. ಎಂಟು ತಿಂಗಳಾಯಿತು. ಇಲ್ಲಿಯ ತೆರಿಗೆ ಈಗಲೇ ಕಟ್ಟಬೇಕಾ?

ಹಾಸನ: ಎಲ್ಲರೂ ಇದನ್ನು ನೋಡಿ. ‘ಸಿಹಿ ಸುದ್ದಿ. ವಾಹನ ತೆರಿಗೆ ಮತ್ತು ದಂಡದಲ್ಲಿ ಶೇ 50 ರಿಯಾಯಿತಿ. ಕೂಡಲೇ ಹಂಚಿಕೊಳ್ಳಿ.’ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಬಂತು.

ಮೇಡಂ: ದಯವಿಟ್ಟು ಇದನ್ನು ಅಳಿಸಿ. ಶೇ 50 ರಿಯಾಯಿತಿ ಬಂದದ್ದು ಸಂಚಾರ ಪೊಲೀಸರ ಇ-ಚಲನ್ ದಂಡಕ್ಕೆ. 2023ರ ಫೆಬ್ರುವರಿಯಲ್ಲಿ ಬಂತು, 2025ರಲ್ಲಿ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಬಂತು. ಸಿಗ್ನಲ್ ಜಂಪ್, ಹೆಲ್ಮೆಟ್, ಅಂಥವು. ವಾಹನ ತೆರಿಗೆ ಬೇರೆ ಕಾನೂನು, ಬೇರೆ ಲೆಕ್ಕ. ರಿಯಾಯಿತಿ ಬರುತ್ತದೆ ಅಂತ ಕಾದು ಕೂತು ಮೂರು ಕ್ವಾರ್ಟರ್ (ಮೂರು ತಿಂಗಳಿಗೊಂದು ಕಂತು) ಬಾಕಿ ಬೆಳೆಸಿಕೊಂಡವರನ್ನು ನಾನೇ ನೋಡಿದ್ದೇನೆ.

ದಾವಣಗೆರೆ: ನನಗೆ ಆರ್‌ಟಿಓ ಚಲನ್ ಅಂತ ವಾಟ್ಸಾಪಿನಲ್ಲಿ ಒಂದು ಫೈಲ್ ಬಂದಿದೆ. ಹೆಸರಿನ ಕೊನೆಗೆ ಎಪಿಕೆ ಅಂತಿದೆ. ತೆರೆದರೆ ಬಾಕಿ ಎಷ್ಟು ಅಂತ ಗೊತ್ತಾಗುತ್ತಾ?

ಮೇಡಂ: ತೆರೆಯಬೇಡಿ. ತೆರೆಯಬೇಡಿ. ಅದು ಕಳ್ಳರ ಆ್ಯಪ್. ಫೋನಿನೊಳಗೆ ಕೂತು ಬ್ಯಾಂಕಿನ ಓಟಿಪಿ ಓದುತ್ತದೆ. ಯಾವ ಆರ್‌ಟಿಓ ಕಚೇರಿಯೂ ವಾಟ್ಸಾಪಿನಲ್ಲಿ ಎಪಿಕೆ ಫೈಲ್ ಕಳಿಸುವುದಿಲ್ಲ. ಬಾಕಿ ನೋಡಬೇಕಾದರೆ ನೀವೇ ಬ್ರೌಸರಿನಲ್ಲಿ ಪರಿವಾಹನ್ ತಾಣದ ಹೆಸರು ಟೈಪ್ ಮಾಡಿ, ವಿಳಾಸದ ಕೊನೆಯಲ್ಲಿ ‘ಗವ್ ಡಾಟ್ ಇನ್’ ಇದೆಯಾ ನೋಡಿ. ಈಗಾಗಲೇ ತೆರೆದಿದ್ದರೆ ಫೋನಿನ ಡೇಟಾ ಬಂದ್ ಮಾಡಿ, ಬೇರೆ ಫೋನಿನಿಂದ ಬ್ಯಾಂಕಿಗೆ ಮತ್ತು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ದಾವಣಗೆರೆ: ತೆರೆದಿಲ್ಲ ಮೇಡಂ. ಅಳಿಸಿದೆ.

ಚಿತ್ರದುರ್ಗ: ಮೇಡಂ ನಮಸ್ತೆ. ನಮ್ಮ ಅಪ್ಪನ ಲಾರಿ ಇದೆ, ಆರು ಚಕ್ರದ್ದು. ಅಪ್ಪ ಹೋದ ವರ್ಷ ತೀರಿಕೊಂಡರು. ಆಗ ಗೇರ್‌ಬಾಕ್ಸ್ ಇಳಿಸಿದ್ದರು, ಹಾಗೇ ಗ್ಯಾರೇಜಿನ ಶೆಡ್ಡಿನಲ್ಲಿ ನಿಂತಿದೆ. ಐದು ಕ್ವಾರ್ಟರ್ ತೆರಿಗೆ ಕಟ್ಟಿಲ್ಲ. ಈಗ ಅಪ್ಪನ ಹೆಸರಿಗೆ ನೋಟಿಸ್ ಬಂದಿದೆ, ತೆರಿಗೆ ಮತ್ತು ದಂಡ ಅಂತ. ಅಮ್ಮ ಹೆದರಿದ್ದಾರೆ. ಗುಜರಿಯವರು ಬಂದು, ಲಾರಿ ಕತ್ತರಿಸಿಕೊಂಡು ಹೋಗ್ತೀವಿ, ಆರ್‌ಸಿ ಬುಕ್ ಕೊಟ್ಟುಬಿಡಿ, ನೋಟಿಸ್ ತಾನಾಗಿ ನಿಲ್ಲುತ್ತೆ ಅಂದರು. ನಾಳೆ ಬೆಳಗ್ಗೆ ಎಂಟಕ್ಕೆ ಬರುತ್ತಾರೆ.

ರಾಣೆಬೆನ್ನೂರು: ಅಕ್ಕಾರ, ನೀವೇನೂ ಕಟ್ಟಬ್ಯಾಡ್ರಿ. ಸುಪ್ರೀಂ ಕೋರ್ಟ್ ಹೇಳೇತಿ, ರೋಡಿಗೆ ಇಳೀಲಿಲ್ಲಂದ್ರ ಟ್ಯಾಕ್ಸ್ ಇಲ್ಲ ಅಂತ. ನನಗ ಮೆಸೇಜ್ ಬಂದೈತಿ, ಕಳಸ್ತೀನಿ ನೋಡ್ರಿ.

ಮೇಡಂ: ಚಿತ್ರದುರ್ಗದವರೇ, ಮೊದಲ ಮಾತು: ಆರ್‌ಸಿಯನ್ನು ಯಾರ ಕೈಗೂ ಕೊಡಬೇಡಿ. ಈ ರಾತ್ರಿಯೇ ಗುಜರಿಯವರಿಗೆ ಫೋನ್ ಮಾಡಿ ಬರಬೇಡಿ ಅನ್ನಿ.

ಲಾರಿ ಕತ್ತರಿಸಿದರೂ ಕಂಪ್ಯೂಟರಿನಲ್ಲಿ ಅದು ಜೀವಂತ. ನೋಂದಣಿ ರದ್ದಾಗುವವರೆಗೆ ಕ್ವಾರ್ಟರ್ ಕ್ವಾರ್ಟರ್‌ಗೂ ತೆರಿಗೆ ಏರುತ್ತಲೇ ಇರುತ್ತದೆ. ಆಗ ನಿಮ್ಮ ಕೈಯಲ್ಲಿ ಲಾರಿಯೂ ಇಲ್ಲ, ಆರ್‌ಸಿಯೂ ಇಲ್ಲ, ಬಾಕಿ ಮಾತ್ರ ಇರುತ್ತದೆ. ಬಾಕಿಯನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಲು ಕಾನೂನಿನಲ್ಲಿ ಅವಕಾಶ ಇದೆ. ಇನ್ನೂ ಕೆಟ್ಟದ್ದು ಅಂದರೆ, ನಿಮ್ಮ ಚಾಸಿ ನಂಬರ್ ಪ್ಲೇಟ್ ಕಳ್ಳ ಲಾರಿಗೆ ಹೋಗಬಹುದು. ಆಗ ಪೊಲೀಸರು ನಿಮ್ಮ ಮನೆ ಹುಡುಕಿಕೊಂಡು ಬರುತ್ತಾರೆ.

ಈಗ ಸುಪ್ರೀಂ ಕೋರ್ಟ್ ವಿಷಯ. ತೀರ್ಪು ನಿಜ, 2025ರ ಆಗಸ್ಟ್ 29ರದು. ಆದರೆ ಅದು ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯ ಕಾಂಪೌಂಡಿನೊಳಗೆ ಮಾತ್ರ ಓಡುತ್ತಿದ್ದ 36 ವಾಹನಗಳ ಕಥೆ. ಸುತ್ತ ಗೋಡೆ, ಗೇಟಿನಲ್ಲಿ ಕಾವಲು, ಹೊರಗಿನವರಿಗೆ ಪ್ರವೇಶ ಇಲ್ಲ. ಆಂಧ್ರದ ತೆರಿಗೆ ಕಾಯ್ದೆಯಲ್ಲಿ ‘ಸಾರ್ವಜನಿಕ ಸ್ಥಳದಲ್ಲಿ ಬಳಸಿದ ಅಥವಾ ಬಳಸಲು ಇಟ್ಟ’ ವಾಹನ ಅನ್ನುವ ಮಾತಿದೆ. ಅದರ ಮೇಲೆ ತೀರ್ಪು ನಿಂತಿದೆ. ನಮ್ಮ 1957ರ ಕರ್ನಾಟಕ ಕಾಯ್ದೆಯ ಮಾತು ಬೇರೆ. ‘ರಸ್ತೆಯಲ್ಲಿ ಬಳಸಲು ಯೋಗ್ಯವಾದ’ ಎಲ್ಲ ವಾಹನಕ್ಕೂ ತೆರಿಗೆ. ಆರ್‌ಸಿ ಚಾಲ್ತಿಯಲ್ಲಿದ್ದರೆ ವಾಹನ ಯೋಗ್ಯ ಅಂತಲೇ ಲೆಕ್ಕ, ಅಂತ ವಿವರಣೆಯನ್ನೂ ಅಲ್ಲೇ ಬರೆದಿದ್ದಾರೆ. ಶೆಡ್ಡಿನಲ್ಲಿ ನಿಂತಿದ್ದರೂ ತೆರಿಗೆ ಬರುವುದು ಇದರಿಂದ. ಅದಕ್ಕೇ ‘ನಾನ್ ಯೂಸ್’ ಅರ್ಜಿ ಅಂತ ಇರುವುದು. ಗಾಡಿ ಓಡಿಸುವುದಿಲ್ಲ ಅಂತ ಮುಂಚಿತವಾಗಿ ಬರೆದುಕೊಟ್ಟು, ಆರ್‌ಸಿ ಒಪ್ಪಿಸಿ, ಗಾಡಿ ಎಲ್ಲಿ ನಿಂತಿದೆ ಅಂತ ವಿಳಾಸ ಕೊಡಬೇಕು. ಮುಂಚಿತವಾಗಿ ಅನ್ನುವುದು ಮುಖ್ಯ. ನಿಮ್ಮ ಮನೆಯಲ್ಲಿ ಸಾವಾಗಿತ್ತು, ಅರ್ಜಿ ಯಾರಿಗೆ ನೆನಪಾಗುತ್ತದೆ? ನನಗೆ ಅರ್ಥವಾಗುತ್ತದೆ. ಆದರೆ ಕಡತಕ್ಕೆ ಅದು ಅರ್ಥವಾಗಬೇಕಾದರೆ ಕಾಗದ ಬೇಕು.

ಹಾಗಾಗಿ ನೋಟಿಸಿನಲ್ಲಿರುವ ಗಡುವು ಮೀರುವ ಮೊದಲು ಲಿಖಿತ ಉತ್ತರ ಕೊಡಿ. ಮಾಲೀಕರು ತೀರಿಕೊಂಡಿದ್ದಾರೆ ಅಂತ ಕಚೇರಿಗೆ ಇನ್ನೂ ಗೊತ್ತಿಲ್ಲ ಅನ್ನಿಸುತ್ತದೆ, ಇಲ್ಲದಿದ್ದರೆ ಅವರ ಹೆಸರಿಗೆ ನೋಟಿಸ್ ಬರುತ್ತಿರಲಿಲ್ಲ. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ ಜೊತೆಗಿಡಿ. ಲಾರಿ ನಿಂತಿತ್ತು ಅನ್ನುವುದಕ್ಕೆ ಗ್ಯಾರೇಜಿನ ಬಿಲ್, ಗೇರ್‌ಬಾಕ್ಸ್ ಇಳಿಸಿದ ಫೋಟೋ, ಫಾಸ್ಟ್ಯಾಗ್ ಸ್ಟೇಟ್‌ಮೆಂಟ್ ಇಡಿ. ಐದು ಕ್ವಾರ್ಟರ್‌ನಲ್ಲಿ ಒಂದು ಟೋಲೂ ದಾಟಿಲ್ಲ ಅಂದರೆ ಅದು ಗಟ್ಟಿ ಸಾಕ್ಷಿ. ತೆರಿಗೆ ಪೂರ್ತಿ ಬಿಡುತ್ತಾರೆ ಅಂತ ನಾನು ಮಾತು ಕೊಡುವುದಿಲ್ಲ. ಆದರೆ ಉತ್ತರ ಕೊಡದೆ ಕೂತರೆ ಪೂರ್ತಿ ಮೊತ್ತ ಹಾಗೇ ಖಾಯಂ ಆಗುತ್ತದೆ.

ಎಫ್‌ಸಿ ಯಾವಾಗ ಮುಗಿಯಿತು ನೋಡಿ. ಎಫ್‌ಸಿ ಇಲ್ಲದ ಸಾರಿಗೆ ವಾಹನವನ್ನು ಸರಿಯಾಗಿ ನೋಂದಣಿ ಆದದ್ದು ಅಂತ ಎಣಿಸುವುದಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 56ನೇ ಕಲಂ ಹೇಳುತ್ತದೆ. ಕೌಂಟರಿನಲ್ಲಿ ಇದನ್ನು ಹೇಳಿದರೆ ಕೆಲಸ ಆಗುವುದಿಲ್ಲ, ಮೇಲ್ಮನವಿಗೆ ಹೋಗಬೇಕಾದರೆ ನಿಮ್ಮ ವಕೀಲರು ಎತ್ತಬಹುದು.

ಲಾರಿ ಮೇಲೆ ಸಾಲ ಇದೆಯಾ? ನೀವು ಹೇಳಿಲ್ಲ. ಇದ್ದರೆ ಫೈನಾನ್ಸಿನವರನ್ನು ಬಿಟ್ಟು ಏನೂ ಮಾಡಲು ಬರುವುದಿಲ್ಲ. ಇಲ್ಲದಿದ್ದರೆ ಮುಂದೆ ಎರಡು ದಾರಿ. ಇಟ್ಟುಕೊಳ್ಳುವುದಾದರೆ ಫಾರ್ಮ್ 31ರಲ್ಲಿ ವಾರಸುದಾರರ ಹೆಸರಿಗೆ ಮಾಡಿಸಿ. ಬೇಡವಾದರೆ ನೋಂದಾಯಿತ ಗುಜರಿ ಕೇಂದ್ರಕ್ಕೇ ಕೊಡಿ, ಗಾಡಿ ಒಪ್ಪಿಸಿದ್ದಕ್ಕೆ ಅವರು ಠೇವಣಿ ಪ್ರಮಾಣಪತ್ರ ಕೊಡುತ್ತಾರೆ, ಅದರ ಮೇಲೆ ಆರ್‌ಸಿ ರದ್ದಾಗುತ್ತದೆ. ಎರಡಕ್ಕೂ ಹಳೆ ಬಾಕಿಯ ತೀರ್ಮಾನ ಮೊದಲು ಆಗಬೇಕು.

ರಾಣೆಬೆನ್ನೂರು: ಮೇಡಂ, ಸುಪ್ರೀಂ ಕೋರ್ಟ್ ಹೇಳಿದ್ದು ಇಡೀ ದೇಶಕ್ಕ ಅಲ್ಲೇನ್ರಿ? ನೀವು ಆಫೀಸಿನವರ ಪರ ಮಾತಾಡ್ತೀರಿ.

ಮೇಡಂ: ನಾನು ಆ ತಾಯಿಯ ಪರ ಮಾತಾಡುತ್ತಿದ್ದೇನೆ. ನಿಮ್ಮ ಮೆಸೇಜ್ ನಂಬಿ ಅವರು ನೋಟಿಸ್ ಬದಿಗಿಟ್ಟರೆ ದಂಡ ನೀವು ಕಟ್ಟುತ್ತೀರಾ? ಕಾಯ್ದೆಯ ಪದ ಬೇರೆ ಅಂತ ಮೇಲೆ ಬರೆದಿದ್ದೇನೆ. ಓದಿ.

ಮಂಡ್ಯ: ಸರಿಯಾಗಿ ಹೇಳಿದ್ರಿ. ಫಾರ್ವರ್ಡ್ ಮಾಡೋರಿಗೆ ಏನು ಕಷ್ಟ.

ರಾಣೆಬೆನ್ನೂರು: ನೀವು ಸುಮ್ನಿರ್ರಿ. ನಿಮ್ಮನ್ನ ಯಾರು ಕೇಳಿದ್ರು?

ಹಾಸನ: ಸರ್ಕಾರ ದುಡ್ಡು ಹೊಡೀಬೇಕು ಅಂತಾನೇ ಈ ಕಾನೂನು ಮಾಡಿರೋದು. ನಿಂತ ಗಾಡಿಗೆ ಯಾವ ನ್ಯಾಯದಲ್ಲಿ ಟ್ಯಾಕ್ಸು?

ಯಲಹಂಕ: ನಾಲ್ಕು ತಿಂಗಳು ಮರೆತಿದ್ದಕ್ಕೆ ನನಗೆ ಬುದ್ಧಿ ಹೇಳಿದಿರಿ, ಈಗ ಎಲ್ಲರೂ ಸರ್ಕಾರವನ್ನು ಬೈಯುತ್ತಿದ್ದೀರಿ.

ಅಡ್ಮಿನ್: ವಿಷಯಕ್ಕೆ ಬನ್ನಿ. ಇನ್ನೊಂದು ಸಲ ಜಗಳ ಆದರೆ ಗ್ರೂಪ್ ಲಾಕ್ ಮಾಡುತ್ತೇನೆ.

ಉಡುಪಿ: ಮೇಡಂ, ಕೇರಳ ಕಾರಿನ ಬಗ್ಗೆ ಕೇಳಿದ್ದೆ.

ಗುಬ್ಬಿ: ಬೈಕು 2010. ಲೈಫ್ ಟ್ಯಾಕ್ಸ್ ರಿನ್ಯೂವಲ್‌ಗೆ ಎಷ್ಟು ಮೇಡಂ?

ಮೇಡಂ: ಮೇಲೆ ಇದೆ. ಓದದೆ ಕೇಳಿದರೆ ನಾನು ಮತ್ತೆ ಬರೆಯುವುದಿಲ್ಲ.

ಬೀದರ್: ಟ್ರ್ಯಾಕ್ಟರ್ ಟ್ರೇಲರ್‌ಗೂ ದಂಡ ಹಾಕ್ಯಾರ್ರಿ ಮೇಡಂ. ಹೊಲದ ಕೆಲಸಕ್ಕ ಅಷ್ಟೇ ಇಟ್ಟೀವಿ.

ಚಿತ್ರದುರ್ಗ: ಮೇಡಂ, ಗುಜರಿಯವರಿಗೆ ಫೋನ್ ಮಾಡಿದೆ. ಸ್ವಲ್ಪ ಬೈದರು, ಬರಲ್ಲ ಅಂದರು. ಸಾಲ 2021ರಲ್ಲೇ ತೀರಿದೆ, ಬ್ಯಾಂಕಿನ ಎನ್‌ಓಸಿ ಅಪ್ಪನ ಫೈಲಿನಲ್ಲಿ ಸಿಕ್ಕಿತು. ಆರ್‌ಸಿ ಅಮ್ಮನ ಬೀರುವಿನಲ್ಲಿದೆ. ನೋಟಿಸಿಗೆ ಇನ್ನು ಆರು ದಿನ ಇದೆ. ವಂಶವೃಕ್ಷ ಅಷ್ಟರಲ್ಲಿ ಸಿಗುತ್ತೋ ಇಲ್ಲವೋ.

ಮೇಡಂ: ವಂಶವೃಕ್ಷಕ್ಕೆ ಕಾಯಬೇಡಮ್ಮ. ಅರ್ಜಿ ಹಾಕಿದ ರಸೀದಿ ಲಗತ್ತಿಸಿ, ಮೂಲ ಪ್ರತಿ ಆಮೇಲೆ ಕೊಡುತ್ತೇವೆ ಅಂತ ಉತ್ತರದಲ್ಲೇ ಬರೆಯಿರಿ. ಸಾಲದ ವಿಷಯ ಒಳ್ಳೆಯದಾಯಿತು, ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ತೆಗೆಸಿದ್ದಾರಾ ನೋಡಿ. ನಾಳೆ ಆರ್‌ಟಿಓ ಕಚೇರಿಯ ಟಪಾಲು ವಿಭಾಗಕ್ಕೆ ಎರಡು ಪ್ರತಿ ತೆಗೆದುಕೊಂಡು ಹೋಗಿ. ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಬೀಳುವವರೆಗೆ ಅಲ್ಲಿಂದ ಕದಲಬೇಡಿ. ಯಾರಾದರೂ ‘ಇಲ್ಲೇ ಇಟ್ಟು ಹೋಗಿ’ ಅಂದರೆ ಇಟ್ಟು ಬರಬೇಡಿ.

ಚಿತ್ರದುರ್ಗ: ಸರಿ ಮೇಡಂ. ಹತ್ತು ಗಂಟೆಗೆ ಹೋಗುತ್ತೇನೆ. ಸೀಲು ಬಿದ್ದ ಪ್ರತಿಯ ಫೋಟೋ ನಿಮಗೆ ಕಳಿಸುತ್ತೇನೆ.